ಎಐ ಹೇಳಿಕೊಟ್ಟ ಒಡಪು

ಕಳೆದ ವರ್ಷ ಬಂಕಾಪುರದಲ್ಲಿ ನನ್ನ ತಂಗಿಯ ಮಗಳು ರೂಪಾಳ ಮದುವೆ. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕೂಡಿಸಿ ಒಡಪಿನಲ್ಲಿ ಹೇಳಬೇಕು. ನಾನು ಒಡಪು ಕಟ್ಟುವವಳು, ಶಿಗ್ಗಾಂವಿಯಲ್ಲಿ ಒಂದು ಪುಸ್ತಕವನ್ನೂ ಅಚ್ಚು ಹಾಕಿಸಿದ್ದೇನೆ. ಆದರೂ ರೂಪಾ ನನ್ನನ್ನು ಒಂದು ಮಾತು ಕೇಳಲಿಲ್ಲ. ಸವಣೂರಿನ ಗಿರಿಜಕ್ಕನನ್ನು ಕೇಳಿರಬೇಕು ಎಂದು ಬೆಳಗಿನಿಂದ ಉರಿಯುತ್ತಿದ್ದೆ. ಆಕೆಯದೂ ಒಡಪಿನ ಪುಸ್ತಕವಿದೆ. ಎಲ್ಲಿ ಹೋದರೂ ಜನರ ಬಾಯಲ್ಲಿ ಆಕೆಯದೇ ಒಡಪು.

ಊಟದ ಪಂಕ್ತಿಯಲ್ಲಿ ರೂಪಾ ನಾಚುತ್ತ ಎದ್ದು ನಿಂತಳು. "ಸವಣೂರ ಎಲಿಗೆ ಸುಣ್ಣ ಒಂದ ಚೂರು, ಸಿಟ್ಟಿನಾಗೂ ನಗತಾರ ನಮ್ಮ ನಿಂಗಪ್ಪನವರು!"

ವರನ ಹೆಸರು ಪ್ರವೀಣ! ಪಂಕ್ತಿಯಲ್ಲಿ ಶುರುವಾದ ನಗು ನಿಲ್ಲಲೇ ಇಲ್ಲ.

"ಯಾರವ್ವ ಈ ನಿಂಗಪ್ಪ?" ಅಂದರು ಬೀಗರು.

"ಫೋನ್‌ನ್ಯಾಗ ಎಐಗೆ ಕೇಳಿದ್ನಿರಿ. ಹೆಸರು ಬದ್ಲಿ ಮಾಡೋದ ಮರ್ತೆ," ಎಂದು ರೂಪಾ ಅಳತೊಡಗಿದಳು.

ನಿಂಗಪ್ಪನವರು ಗಿರಿಜಕ್ಕನ ತೀರಿಕೊಂಡ ಗಂಡ. ಒಡಪು ಆಕೆಯ ಪುಸ್ತಕದ್ದೇ. ಅದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದ ಗಿರಿಜಕ್ಕ ಎದ್ದು ಬಂದು, ಪ್ರವೀಣನ ಹೆಸರಿಗೆ ನಿಂತಲ್ಲೇ ಹೊಸದೊಂದು ಕಟ್ಟಿ ರೂಪಾಳ ಕಿವಿಯಲ್ಲಿ ಹೇಳಿ ಮರ್ಯಾದೆ ಉಳಿಸಿದಳು. ಅದನ್ನು ನೋಡಿಯೂ ಉರಿದೆ.

ಪುಸ್ತಕಗಳನ್ನು ಓದಿಸಿ ಎಐಗೆ ಕಲಿಸುತ್ತಾರೆ, ಬರೆದವರನ್ನು ಕೇಳುವುದಿಲ್ಲ, ಕೇಳಿದರೆ ಇದು ನ್ಯಾಯವಾದ ಬಳಕೆಯೇ ಎಂದು ವಾದಿಸುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೆ. ಆಕೆಗಾಗಿ ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಮೂಲೆಗೆ ಹೋಗಿ ಫೋನಿನಲ್ಲಿ ನನ್ನ ಹೆಸರು, ಪುಸ್ತಕದ ಹೆಸರು ಹೇಳಿ ಎಐಯನ್ನು ಕೇಳಿದೆ. ಮಾಹಿತಿ ಇಲ್ಲ ಅಂದಿತು. ಕದಿಯುವುದಕ್ಕೂ ನನ್ನದು ಬೇಡವಾಯಿತೇ!

ಕೈ ತೊಳೆಯುವಲ್ಲಿ ಗಿರಿಜಕ್ಕ ಒಬ್ಬಳೇ ನಿಂತಿದ್ದಳು.

"ಕಾಪಿರೈಟ್ ನಿಮ್ದೈತಿ, ಕೇಸ್ ಹಾಕ್ರಿ ಅಕ್ಕಾರ," ಅಂದೆ.

"ಹೇಳದ ಕೇಳದ ಒಯ್ದಾರ, ಸುಮ್ನ ಬಿಡಂಗಿಲ್ಲ," ಅಂದಳು. ಆಮೇಲೆ ದನಿ ಇಳಿಯಿತು. "ಆದ್ರ ನಮ್ಮನಿಯವರು ಹೋದ ಮ್ಯಾಲೆ, ಹೆಸರು ಹೇಳಂತ ನನಗ ಯಾರೂ ಅಂದಿಲ್ಲವ್ವ. ಇವತ್ತ ತುಂಬಿದ ಪಂಕ್ತ್ಯಾಗ ಆ ಹೆಸರು ಕೇಳಿದೆ."

ನನಗೇನಾಯಿತೋ, "ಈಗ ನೀವ ಹೇಳ್ರಿ ಅಕ್ಕಾರ, ನಾ ಕೇಳ್ತೇನಿ," ಅಂದೆ.

ಸೆರಗು ಸರಿಮಾಡಿಕೊಂಡು, ಮೆಲ್ಲಗೆ, ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಅದೇ ಒಡಪು ಹೇಳಿದಳು. ಹೆಸರು ಬಂದಾಗ ಆಕೆಯ ಮುಖ ಅರಳಿತು.

ತಿರುಗಿ ನೋಡಿದೆ. ನಮ್ಮ ಯಜಮಾನರು ಪಂಕ್ತಿಯಲ್ಲಿ ಕುಳಿತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ಇಷ್ಟು ಒಡಪು ಕಟ್ಟಿದ್ದೇನೆ, ಅವರ ಹೆಸರಿಗೆ ಒಂದೂ ಕಟ್ಟಿಲ್ಲ. ಗಿರಿಜಕ್ಕನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಆದರೆ ಈಗ ಅದು ಪುಸ್ತಕದ್ದಲ್ಲ, ಹೆಸರು ಹೇಳುವಾಗ ಅರಳಿದ ಆ ಮುಖದ್ದು.