ಪಂಪ್‌ಹೌಸಿನಲ್ಲಿ ಉಳಿದ ಎಂಟು ಗಂಟೆ

ಮೂರು ವರ್ಷಗಳ ಹಿಂದೆ ನಾನು ಇಂಧನ ಉಳಿತಾಯದ ಸಲಹಾ ಸಂಸ್ಥೆಯೊಂದರಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹತ್ತಾರು ಪಂಚಾಯಿತಿಗಳು ನನ್ನ ಪಾಲಿಗೆ ಬಂದಿದ್ದವು. ಕರೆಂಟು ಎಲ್ಲಿ ಪೋಲಾಗುತ್ತಿದೆ ಎಂದು ಪತ್ತೆ ಹಚ್ಚಬೇಕು, ಆಮೇಲೆ ಅಲ್ಲಿನ ಸಿಬ್ಬಂದಿಯನ್ನು ಕೂರಿಸಿಕೊಂಡು ಊರಿನ ‘ಹವಾಮಾನ ಕ್ರಿಯಾ ಯೋಜನೆ’ ಬರೆಯಬೇಕು. ಕೆಲಸ ಇಷ್ಟೇ. ಬೆಳಿಗ್ಗೆ ಡಬ್ಬಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ಬಸ್ಸು ಹತ್ತಿದರೆ ದಿನಕ್ಕೆ ಒಂದು ಪಂಚಾಯಿತಿ ಮುಗಿಯುತ್ತಿತ್ತು.

ಪಂಚಾಯಿತಿಗಳ ಕರೆಂಟು ಹೆಚ್ಚಾಗಿ ಹೋಗುವುದು ಬೀದಿದೀಪಕ್ಕೆ ಮತ್ತು ನೀರೆತ್ತುವ ಪಂಪಿಗೆ. ಬೀದಿದೀಪದ ಲೆಕ್ಕ ಸುಲಭ, ಎಣಿಸಿದರೆ ಮುಗಿಯಿತು. ಪಂಪಿನದು ಹಾಗಲ್ಲ. ಅದು ದಿನಕ್ಕೆ ಎಷ್ಟು ಗಂಟೆ ಓಡಿತು ಎಂದು ಬರೆದಿಡುವ ಲಾಗ್ ಪುಸ್ತಕವನ್ನು ನಂಬಬೇಕು. ನಾನು ಹೇಳಹೊರಟಿರುವ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಲಾಗ್ ಪುಸ್ತಕದಲ್ಲಿ ವರ್ಷವಿಡೀ ಪ್ರತಿದಿನ ‘ಹತ್ತು ಗಂಟೆ’ ಎಂದೇ ಇತ್ತು. ಒಂದೇ ಕೈಬರಹ, ಒಂದೇ ಶಾಯಿ. ಯುಗಾದಿಗೂ ಹತ್ತು, ಊರಿಗೆ ಊರೇ ಕತ್ತಲಲ್ಲಿದ್ದ ದಿನಕ್ಕೂ ಹತ್ತು. ತಿಂಗಳ ಕೊನೆಯಲ್ಲಿ ಕಚೇರಿಯ ಗುಮಾಸ್ತರು ಕೂತು ಒಂದೇ ಬೀಸಿಗೆ ಬರೆದು ಮುಗಿಸುತ್ತಿದ್ದರು. ಮೀಟರು ಮಾತ್ರ ಅದರ ಹತ್ತಿರ ಹತ್ತಿರ ಎರಡರಷ್ಟು ಹೇಳುತ್ತಿತ್ತು.

ಪಂಪ್‌ಹೌಸಿಗೆ ಹೋದೆ. ಅಲ್ಲಿದ್ದವರು ರಹಮತ್ ಸಾಬರು, ಹದಿನಾಲ್ಕು ವರ್ಷಗಳಿಂದ ನೀರುಗಂಟಿ. ಊರಿಗೆ ನೀರು ಬಿಡುವ, ನಿಲ್ಲಿಸುವ ಕೆಲಸ ಅವರದು. ಊರಲ್ಲಿ ಇಬ್ಬರು ನೀರುಗಂಟಿಗಳಿದ್ದರೂ ಅನುಮೋದಿತ ಪಟ್ಟಿಯಲ್ಲಿದ್ದುದು ಇನ್ನೊಬ್ಬರ ಹೆಸರು. ಸಾಬರದು ಆಗಲೂ ದಿನಗೂಲಿ.

ಲಾಗ್ ಪುಸ್ತಕದ ಮಾತೆತ್ತಿದೆ. ಸಾಬರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನಕ್ಕರು.

“ಪುಸ್ತಕದಾಗೆ ಓಡೋದು ಆಫೀಸಿನ ಪಂಪು ಮೇಡಂ. ಇಲ್ಲಿ ಓಡೋ ಪಂಪಿನ ಲೆಕ್ಕ ಬೇಕಾದ್ರೆ ಹಿಂಗೆ ಬರ್ರಿ.”

ಒಳಗೋಡೆಯ ತುಂಬ ಇದ್ದಿಲಿನ ಬರಹ. ದಿನಕ್ಕೊಂದು ಸಾಲು. ಪಂಪ್ ಎಷ್ಟು ಗಂಟೆ ಓಡಿತು, ನಿಲ್ಲಿಸುವಾಗ ಟ್ಯಾಂಕಿನಲ್ಲಿ ಎಷ್ಟು ಅಡಿ ನೀರಿತ್ತು, ಮತ್ತೆ ಶುರು ಮಾಡುವಾಗ ಎಷ್ಟಿತ್ತು. ಹಿಂದಿನ ದಿನದ ಸಾಲಿನಲ್ಲಿ ಓಡಿದ್ದು ಹತ್ತೊಂಬತ್ತು ಗಂಟೆ. ನಿಲ್ಲಿಸುವಾಗ ಹನ್ನೆರಡು ಅಡಿ, ಶುರು ಮಾಡುವಾಗ ಏಳು. ನಡುವೆ ಊರಿಗೆ ಒಂದು ಹನಿ ನೀರೂ ಬಿಟ್ಟಿರಲಿಲ್ಲ.

“ಐದಡಿ ನೀರು ಎಲ್ಲಿಗೆ ಹೋಯ್ತು ಸಾಬರೆ?”

“ಎಲ್ಲಿಂದ ಬಂತೋ ಅಲ್ಲಿಗೇ. ವಾಲ್ವ್ ಹೋಗೈತೆ. ನಾವ್ ಹತ್ತಿಸಾಕೆ, ಅದು ಇಳಿಯಾಕೆ.”

ಹತ್ತಿದ ನೀರು ಹಿಂದಕ್ಕೆ ಬರದಂತೆ ತಡೆಯುವುದು ನಾನ್ ರಿಟರ್ನ್ ವಾಲ್ವ್. ಅದು ಸವೆದಿತ್ತು. ಕೈಯಿಂದ ಮುಚ್ಚಬೇಕಾದ ಪಕ್ಕದ ಗೇಟ್ ವಾಲ್ವ್ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಪಂಪು ನಿಂತಾಗಲೆಲ್ಲ ನೀರು ಟ್ಯಾಂಕಿನ ತಳದ ಪೈಪಿನಿಂದ ಮತ್ತೆ ನೆಲದಡಿಯ ಸಂಪಿಗೆ ಇಳಿಯುತ್ತಿತ್ತು. ಇದನ್ನು ಕಚೇರಿಯಲ್ಲಿ ಮೂರು ಸಲ ಹೇಳಿದ್ದೆನೆಂದೂ, “ನೀನೇನ್ ಇಂಜಿನಿಯರ್ರಾ?” ಎಂದು ಕೇಳಿದರೆಂದೂ ಸಾಬರು ಹೇಳಿದರು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ನಾಲ್ಕು ಸಾಲು ಬರೆದುಕೊಂಡು, ಉಳಿದದ್ದನ್ನು ಮುಂದಿನ ಸಲ ಬರೆದುಕೊಂಡರಾಯಿತು ಎಂದು ಹೊರಟೆ. ಆ ಸೋಮಾರಿತನ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಎರಡು ವಾರಕ್ಕೆ ಪಂಚಾಯಿತಿ ಕಚೇರಿಯಲ್ಲಿ ‘ಸಿಬ್ಬಂದಿ ಸಹಭಾಗಿತ್ವ ಕಾರ್ಯಾಗಾರ’. ನಡು ಮಧ್ಯಾಹ್ನ, ಕಿಟಕಿಗಳಿಗೆ ಪರದೆ ಎಳೆದು ಟ್ಯೂಬ್‌ಲೈಟು ಹಾಕಿದ್ದರು. ಇಂಧನ ಉಳಿತಾಯದ ಪ್ರತಿಜ್ಞೆಗಾಗಿ ಎರಡು ದೊಡ್ಡ ಸ್ಪೀಕರು. ಹಾಜರಿ ಹಾಳೆಗೆ ಹಿಂದಿನ ದಿನವೇ ಸಹಿಗಳು ಬಿದ್ದಿದ್ದವು. ಸಾಬರು ಕುರ್ಚಿ ಜೋಡಿಸಿ ಹೊರಗೆ ಹೋಗಿ ನಿಂತಿದ್ದರು. ಒಳಗೆ ಕರೆಯಿರಿ ಎಂದೆ. ಗುಮಾಸ್ತರು ನನ್ನ ಕಿವಿಯ ಹತ್ತಿರ ಬಗ್ಗಿ, “ಅವ್ರು ಸಿಬ್ಬಂದಿ ಪಟ್ಟೀಲಿಲ್ಲ ಮೇಡಂ, ಊಟದ ಲೆಕ್ಕ ತಪ್ತದೆ” ಎಂದರು. ಊರಿನ ನೀರು ನಡೆಸುವವನನ್ನು ಬಾಗಿಲಾಚೆ ನಿಲ್ಲಿಸಿ, ನೀರಿನ ಯೋಜನೆಗೆ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಊಟವಾದ ಮೇಲೆ ಪಂಪ್‌ಹೌಸು ತೋರಿಸಲು ಎಲ್ಲರನ್ನೂ ಕರೆದೊಯ್ದರು. ಒಳಗೂ ಹೊರಗೂ ಹಸಿರು ಬಣ್ಣ ಬಳಿದಿತ್ತು. ಇದ್ದಿಲಿನ ಸಾಲುಗಳಿದ್ದ ಗೋಡೆಯ ಮೇಲೆ ‘ವಿದ್ಯುತ್ ಉಳಿಸಿ, ಭೂಮಿ ಉಳಿಸಿ’. ಆ ಪಂಚಾಯಿತಿಯಲ್ಲಿದ್ದ ಒಂದೇ ಒಂದು ನಿಜವಾದ ದಾಖಲೆಯನ್ನು ಅಳಿಸಿ ಅದರ ಮೇಲೆ ಘೋಷಣೆ ಬರೆದಿದ್ದರು.

ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಎಲ್ಲರೂ ಪಿಡಿಒ ಎನ್ನುತ್ತಾರಲ್ಲ, ಅವರು ನಾನು ಹೇಳಿದ ಮೀಟರಿನ ಲೆಕ್ಕ ಕೇಳಿದವರೇ ಸಾಬರ ಕಡೆ ತಿರುಗಿದರು.

“ಪುಸ್ತಕದಾಗೆ ಹತ್ತು, ಮೀಟರಾಗೆ ಹತ್ತೊಂಬತ್ತು. ಮೋಟ್ರು ಆನ್ ಮಾಡಿ ಮಲಗ್ತೀಯ ಅಂತಾಯ್ತು. ನಾಳೆಯಿಂದ ಬರಬ್ಯಾಡ. ಟೈಮರ್ ಹಾಕಿಸ್ತೀನಿ.”

ಹದಿನಾಲ್ಕು ವರ್ಷದ ಕೆಲಸ ಹೋಗಲು ಅಷ್ಟು ಮಾತು ಸಾಕಾಯಿತು. ನನ್ನ ಹತ್ತಿರ ಇದ್ದದ್ದು ನಾಲ್ಕು ಸಾಲು. ಅದನ್ನೇ ತೋರಿಸಿದೆ. ನಾಲ್ಕು ದಿನದ್ದು ಲೆಕ್ಕವೇ ಅಲ್ಲ ಎಂದರು.

ಸಾಬರು ಗೋಡೆಯನ್ನು ಒಮ್ಮೆ ನೋಡಿದರು. “ಗೋಡೆ ಹೋದ್ರೆ ಹೋಗ್ಲಿ ಬಿಡ್ರಿ ಸಾಹೇಬ್ರೆ, ಪಂಪು ಇನ್ನೂ ಇಲ್ಲೇ ಐತಲ್ಲ” ಎಂದು ಹೋಗಿ ಸ್ವಿಚ್ ಬಂದ್ ಮಾಡಿದರು.

ಮೋಟಾರಿನ ಸದ್ದು ಇಳಿಯಿತು. ಪಂಪಿಗೂ ಮೋಟಾರಿಗೂ ನಡುವಿನ ಶಾಫ್ಟು ನಿಧಾನವಾಗಿ ನಿಂತಿತು. ನಿಂತದ್ದು ಮತ್ತೆ ತಿರುಗತೊಡಗಿತು, ಈ ಸಲ ಹಿಂದಕ್ಕೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಕರೆಂಟೇ ಇಲ್ಲದ ಯಂತ್ರ ಉಲ್ಟಾ ಓಡುತ್ತಿತ್ತು, ಸಂಪಿನಲ್ಲಿ ನೀರು ಧೋ ಎಂದು ಬೀಳುತ್ತಿತ್ತು.

“ನಾನ್ ಮಲಗಿದ್ರೂ ಇದು ಮಲಗಂಗಿಲ್ಲ ನೋಡ್ರಿ” ಎಂದರು ಸಾಬರು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಪಿಡಿಒ ಫೋನು ತೆಗೆದು ಯಾರೊಂದಿಗೋ ಮಾತಾಡುತ್ತ ಹೊರನಡೆದರು.

ವಾರದೊಳಗೆ ಹೊಸ ವಾಲ್ವ್ ಬಂತು. ಸಾಬರ ಕೆಲಸ ಉಳಿಯಿತು. ಪಂಪು ಹತ್ತೊಂಬತ್ತರಿಂದ ಹನ್ನೊಂದು ಗಂಟೆಗೆ ಇಳಿಯಿತು. ನಾನು ಖುಷಿಯಿಂದ ವರದಿ ಬರೆದೆ: ‘ದಿನಕ್ಕೆ ಎಂಟು ಗಂಟೆ ಪಂಪ್ ಚಾಲನೆ ಉಳಿತಾಯವಾಗಿದೆ.’ ಈ ಲೋಪವನ್ನು ಕಂಡುಹಿಡಿದವರು ನೀರುಗಂಟಿ ರಹಮತ್ ಸಾಬರು ಎಂದೂ ಬರೆದಿದ್ದೆ. ಅಚ್ಚಾಗಿ ಬಂದ ಪುಸ್ತಕದಲ್ಲಿ ಆ ಸಾಲು ‘ಸಿಬ್ಬಂದಿ ಜಾಗೃತಿಯಿಂದ’ ಎಂದಾಗಿತ್ತು. ಹಸಿರು ಸಿಬ್ಬಂದಿ ಪ್ರಶಸ್ತಿಯ ಫಲಕ ಹಿಡಿದು ಫೋಟೋದಲ್ಲಿ ನಿಂತವರು ಲಾಗ್ ಪುಸ್ತಕದ ಗುಮಾಸ್ತರು. ನಮ್ಮ ಸಂಸ್ಥೆಯವರನ್ನು ಕೇಳಿದರೆ, “ಫೋಟೋ ಚೆನ್ನಾಗಿ ಬಂದಿದೆ, ಬಿಡಿ” ಎಂದರು.

ಮೂರು ತಿಂಗಳ ಮೇಲೆ ನ್ಯಾಮತಿ ಬಸ್ ನಿಲ್ದಾಣದಲ್ಲಿ ಸಾಬರು ಸಿಕ್ಕರು. ಕೈಯಲ್ಲಿ ಗಾರೆ ಕೆಲಸದ ಪುಟ್ಟಿ.

“ಪಂಪ್‌ಹೌಸು?”

“ಬಿಡಿಸಿದ್ರು ಮೇಡಂ. ಹನ್ನೊಂದು ಗಂಟೆ ಓಡೋ ಪಂಪಿಗೆ ಇಬ್ರು ಯಾಕೆ ಅಂದ್ರು. ನಿಮ್ ಪುಸ್ತಕಾನೇ ತೋರಿಸಿದ್ರು.”

ಸಾಬರೇ ನನ್ನನ್ನು ಸಮಾಧಾನ ಮಾಡುವವರ ಹಾಗೆ, “ನೀವೇನ್ ಮಾಡ್ತೀರಿ, ಇದ್ದದ್ದು ಬರ್ದೀರಿ. ಚಾ ಕುಡೀತೀರೇನು?” ಎಂದರು. ಕುಡಿದೆ. ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಸುಳ್ಳು ಬರೆದವನಿಗೆ ಫಲಕ, ನಿಜ ತೋರಿಸಿದವನಿಗೆ ಪುಟ್ಟಿ. ನಡುವೆ ನನ್ನ ವರದಿ. ಪಿಡಿಒ ಮೇಲೆ, ಗುಮಾಸ್ತರ ಮೇಲೆ ಬಂದ ಹೇಸಿಗೆ ಅಲ್ಲಿಗೇ ನಿಲ್ಲಲಿಲ್ಲ. ಉಳಿದ ಎಂಟು ಗಂಟೆ ಯಾರ ಬದುಕಿನಿಂದ ಕಳೆಯುತ್ತದೆ ಎಂದು ಬರೆಯುವಾಗ ನಾನು ಯೋಚಿಸಿಯೇ ಇರಲಿಲ್ಲ.

ಇವತ್ತಿಗೂ ಇದೇ ಕೆಲಸ ಮಾಡುತ್ತಿದ್ದೇನೆ. ಯಾವ ಪಂಚಾಯಿತಿಗೆ ಹೋದರೂ ಮೊದಲು ಒಂದು ಹಾಳೆ ಮುಂದಿಡುತ್ತೇನೆ. ಪಂಪು, ದೀಪ ನೋಡಿಕೊಳ್ಳುವವರ ಹೆಸರು, ಗಂಟೆ ಉಳಿದರೆ ಅವರಿಗೆ ಕೊಡುವ ಬೇರೆ ಕೆಲಸ, ಕೆಳಗೆ ಪಿಡಿಒ ಸಹಿ. ಸಹಿ ಬಿದ್ದ ಮೇಲೆಯೇ ಮೀಟರಿನ ಹತ್ತಿರ ಹೋಗುವುದು. ಕೆಲವರು ನಗುತ್ತಾರೆ, ಕೆಲವರು ನಾಳೆ ಬನ್ನಿ ಎನ್ನುತ್ತಾರೆ. ಅಂಥ ಕಡೆ ಕರೆಂಟು ಪೋಲಾಗುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಬಾಯಿ ಮುಚ್ಚಿಕೊಂಡು ಎದ್ದು ಬರುತ್ತೇನೆ.