ಜೇಬಿನ ಮೇಲಿನ ತ್ರಿಕೋಣ

ಬೇರೆಯವರ ಅಂಗಿಯ ಮೇಲೆ ಏನಾದರೂ ಬರೆದಿದ್ದರೆ ಅದನ್ನು ಓದದೆ ಬಿಡುವುದು ನನ್ನಿಂದಾಗದು. ಕಂಡಕ್ಟರನ ಎದೆಯ ಬಿಲ್ಲೆ, ಪೊಲೀಸಿನವನ ಹೆಗಲಿನ ಅಕ್ಷರ, ಮದುವೆಮನೆಯಲ್ಲಿ ಬರಮಾಡಿಕೊಳ್ಳುವವರು ಚುಚ್ಚಿಕೊಳ್ಳುವ ರಿಬ್ಬನ್ನಿನ ಹೂವು, ಎಲ್ಲವನ್ನೂ ಓದುತ್ತೇನೆ. ಎದುರಿನವರು ಮಾತಾಡುತ್ತಿರುತ್ತಾರೆ, ನಾನು ಅವರ ಮುಖ ಬಿಟ್ಟು ಜೇಬು ನೋಡುತ್ತಾ ನಿಂತಿರುತ್ತೇನೆ. ಜೇಬಿನ ಮೇಲೆ ಕಣ್ಣಿಟ್ಟ ಮನುಷ್ಯನ ಬಗ್ಗೆ ಜನ ಏನು ತಿಳಿಯುತ್ತಾರೆಂದು ನಿಮಗೆ ಗೊತ್ತೇ ಇದೆ.

ಈ ಚಟ ಸುಮ್ಮನೆ ಬಂದದ್ದಲ್ಲ. ಎಪ್ಪತ್ತರ ದಶಕದಲ್ಲಿ ನನ್ನ ಜೇಬಿನ ಮೇಲೂ ಒಂದು ಬಿಲ್ಲೆ ಇತ್ತು. ಅದನ್ನು ಒಬ್ಬ ಮನುಷ್ಯ ತಪ್ಪಾಗಿ ಓದಿದ. ಸರಿಯಾಗಿ ಹೇಳಬೇಕೆಂದರೆ ಅವನು ಸರಿಯಾಗಿಯೇ ಓದಿದ, ಇದ್ದದ್ದೇ ತಪ್ಪಾಗಿತ್ತು.

ನಾನು ಚಿತ್ರದುರ್ಗದಲ್ಲಿ ಒಂದು ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಸಾಲಿನಲ್ಲಿ ತಟ್ಟೆ ಹಿಡಿದು ಕೂರುವುದು, ಗಂಟೆ ಹೊಡೆದರೆ ದೀಪ ಆರಿಸುವುದು. ಮುಂದೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಗಂಟೆ ಹೊಡೆಯುವವರು ಯಾರೂ ಇಲ್ಲವಾದಾಗ ಏನನ್ನೋ ಕಳೆದುಕೊಂಡಂತಾಯಿತು. ಕಚೇರಿಯಲ್ಲಿ ಗುಮಾಸ್ತನಾಗಿದ್ದೆ, ಅಲ್ಲಿಯ ಶಿಸ್ತಿನ ಬಗ್ಗೆ ಮಾತಾಡದಿರುವುದೇ ಮೇಲು. ಅಷ್ಟರಲ್ಲಿ ಊರಿನಲ್ಲಿ ಒಂದು ಸ್ವಯಂಸೇವಕ ದಳ ಹುಟ್ಟಿತು. ಇಸ್ತ್ರಿ ಮಾಡಿದ ಖಾಕಿ, ಹೊಳೆಯುವ ಬಕಲು, ಕೋಟೆಯ ಬುಡದ ಬಯಲಿನಲ್ಲಿ ಸಂಜೆಯ ಕವಾಯತು. ಕಲಿಸುತ್ತಿದ್ದವರು ಸೇನೆಯಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಅವರ ಸೀಟಿ ಕೇಳಿದ ಮೊದಲ ದಿನವೇ ನನಗೆ ಹೋದ ಜೀವ ಬಂದಂತಾಯಿತು.

ದಳದಲ್ಲಿ ಪ್ರಥಮ ಚಿಕಿತ್ಸೆಯ ಪಾಠವಿತ್ತು. ಅದಕ್ಕೆ ನಾನು ಬಿದ್ದ ಪರಿ ಹೇಳಿದರೆ ನೀವು ನಗುತ್ತೀರಿ. ಬೀದಿಯಲ್ಲಿ ಯಾರಾದರೂ ಎಡವಿದರೆ ನನ್ನ ಮನಸ್ಸು ಮೊದಲು ಹಿಗ್ಗುತ್ತಿತ್ತು, ಆಮೇಲೆ ಮರುಗುತ್ತಿತ್ತು. ಎಡವುವವರು ಸಾಲದೆ ಬಂದಾಗ ಮನೆಯವಳ ಕೈಯನ್ನೇ ಮುರಿದ ಕೈ ಎಂದು ಭಾವಿಸಿ ಕಟ್ಟುತ್ತಿದ್ದೆ. ಅವಳು ಕೊರಳಿಗೆ ಜೋತುಬಿದ್ದ ಕೈಯನ್ನು ನೋಡಿಕೊಂಡು, "ಕೈ ಮುರುದೈತೆ ಅಂತ ಕಟ್ಟಿ ಕುಂಡ್ರಿಸಿದ್ರಿ, ಆತು. ಈಗ ಮುದ್ದೆ ತಿರುವೋರು ಯಾರು?" ಎನ್ನುತ್ತಿದ್ದಳು. ಪುಸ್ತಕದಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ದೊಡ್ಡ ಪರೀಕ್ಷೆ ಹೊಸದುರ್ಗದಲ್ಲಿ ನಡೆಯಿತು. ನಮ್ಮಲ್ಲಿ ಪಾಸಾದವರು ಇಬ್ಬರು: ನಾನು, ಮತ್ತು ನನ್ನದೇ ಕಚೇರಿಯ ಹೊಳಲ್ಕೆರೆಯ ತಿಪ್ಪೇಸ್ವಾಮಿ. ಪಾಸಾದವರು ಎಡಜೇಬಿನ ಮೇಲೆ ಕೆಂಪು ಬಟ್ಟೆಯ ಒಂದು ತ್ರಿಕೋಣವನ್ನು ಹೊಲಿಸಿಕೊಳ್ಳಬೇಕು. ಹವಾಲ್ದಾರರು ಅದರ ಅರ್ಥವನ್ನೂ ಹೇಳಿದ್ದರು. ಕೆಳಗಿನ ಎರಡು ಮೂಲೆ ರಕ್ತ ಮತ್ತು ಮೂಳೆ. ಮೇಲಿನ ತುದಿ ಉಸಿರು. "ಉಸಿರು ಯಾವಾಗಲೂ ಮೇಲಿರಬೇಕು, ತಿಳೀತಾ?" ಎಂದರು. ತಿಳಿಯಿತು ಎಂದೆವು.

ಹೊಲಿಸಿಕೊಳ್ಳುವ ಮೊದಲು ನಾನು ಆ ತುಂಡುಬಟ್ಟೆಯ ಬಗ್ಗೆ ಎಷ್ಟು ದೂರ ಯೋಚಿಸಿದ್ದೆನೆಂದರೆ, ಭಾಷೆಯ ಬುಡದವರೆಗೆ ಹೋಗಿಬಂದಿದ್ದೆ. ನೋಡಿ, ಗಾಯಕ್ಕೆ ಕಟ್ಟುವುದು ಪಟ್ಟಿ. ಅರಸನಿಗೆ ಕಟ್ಟುವುದು ಪಟ್ಟ. ಎರಡೂ ಒಂದೇ ಬಟ್ಟೆಯಿಂದ ಹರಿದ ಮಾತುಗಳು. ಹಿಂದೆ ರಾಜನಾಗುವುದೆಂದರೆ ಹಣೆಗೆ ಒಂದು ಪಟ್ಟಿ ಕಟ್ಟಿಸಿಕೊಳ್ಳುವುದು. ವೀರನಾದವನಿಗೆ ಕಾಲಿಗೆ ಪೆಂಡೆಯವೆಂಬ ಕಡಗ ತೊಡಿಸುತ್ತಿದ್ದರು. ಅವನು ನಡೆದಾಗ ಅದೇ ಅವನ ಪರಿಚಯ ಹೇಳುತ್ತಿತ್ತು. ನಮ್ಮ ಕಡೆ ಕುರಿ ಕಾಯುವವರು ತಮ್ಮ ಹಿಂಡಿನ ಬೆನ್ನಿಗೆ ಕೆಂಪು ಹಚ್ಚುತ್ತಾರೆ, ಯಾರ ಕುರಿ ಎಂದು ದೂರದಿಂದಲೇ ತಿಳಿಯಲಿ ಎಂದು. ಅರಸನಿಂದ ಕುರಿಯವರೆಗೆ ಎಲ್ಲರಿಗೂ ಗುರುತು ಬೇಕು. ಹೀಗಿರುವಾಗ ಪಟ್ಟಿ ಕಟ್ಟುವವನಿಗೊಂದು ಪಟ್ಟವಾದರೆ ತಪ್ಪೇನು ಎಂದು ನನ್ನ ವಾದ.

ವಾದ ಮುಗಿಸಿ ಅಂಗಿ ಹಿಡಿದುಕೊಂಡು ಬಾಷಾ ಸಾಬರ ಅಂಗಡಿಗೆ ಹೋದೆ. ಪೇಟೆಯಲ್ಲಿ ಅವರಷ್ಟು ಚೊಕ್ಕ ಹೊಲಿಯುವ ದರ್ಜಿ ಇನ್ನೊಬ್ಬರಿರಲಿಲ್ಲ.

"ಜೇಬಿನ ಮೇಲೆ ಕೆಂಪು ತ್ರಿಕೋಣ ಹೊಲೀಬೇಕು ಸಾಬರೇ, ಎಷ್ಟು ದೊಡ್ಡದು ಅಂದ್ರೆ..."

ಅವರು ಮಷಿನ್ನಿನಿಂದ ತಲೆಯೆತ್ತಲಿಲ್ಲ. "ಗೊತ್ತು ಬಿಡ್ರಿ ಸಾರ್. ವರ್ಷ ಪೂರಾ ಅದೇ ಹೊಲ್ಯಾದು ಆಗೈತೆ. ಬ್ಯಾನರಿಗೂ ಅದೇ, ಚೀಲಕ್ಕೂ ಅದೇ. ಕಣ್ ಮುಚ್ಕಂಡು ಹೊಲೀತೀನಿ, ಹೋಗ್ಬರ್ರಿ."

ಆ ವರ್ಷಗಳನ್ನು ಕಂಡವರಿಗೆ ಇಷ್ಟರಲ್ಲಿ ಅರ್ಥವಾಗಿರುತ್ತದೆ. ಕಾಣದವರಿಗಾಗಿ ಹೇಳುತ್ತೇನೆ. ಆಗ ತುರ್ತುಪರಿಸ್ಥಿತಿ. ಕುಟುಂಬ ಯೋಜನೆಯ ಗುರುತು ಕೆಂಪು ತ್ರಿಕೋಣ, ಆದರೆ ತುದಿ ಕೆಳಗೆ. ಗೋಡೆಯ ಮೇಲೆ ಅದು, ಬಸ್ಸಿನ ಬೆನ್ನ ಮೇಲೆ ಅದು, ಆಸ್ಪತ್ರೆಯ ಬಾಗಿಲಲ್ಲಿ ಅದು. ಗಂಡಸರನ್ನು ಹಿಡಿದು ಜೀಪಿಗೆ ತುಂಬಿಕೊಂಡು ಹೋಗಿ ಮಕ್ಕಳಾಗದಂತೆ ಆಪರೇಷನ್ ಮಾಡಿ ಕಳಿಸುತ್ತಾರೆ ಎಂಬ ಸುದ್ದಿ ಊರಿಂದೂರಿಗೆ ನಡೆದುಬರುತ್ತಿತ್ತು. ಅದರಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂಬುದು ಬೇರೆ ಮಾತು. ಭಯವಂತೂ ನಿಜವಾಗಿತ್ತು.

ಬಾಷಾ ಸಾಬರು ಹೇಳಿದಂತೆಯೇ ಕಣ್ಣು ಮುಚ್ಚಿಕೊಂಡು ಹೊಲಿದಿದ್ದರು. ಒಂದು ದಾರವೂ ಸೊಟ್ಟಗಿರಲಿಲ್ಲ, ತುದಿ ಮಾತ್ರ ಕೆಳಗಿತ್ತು. ಗುಂಡಿಯಿಂದ ಗುಂಡಿಗೆ, ಮಡಿಕೆಯಿಂದ ಮಡಿಕೆಗೆ ಪರೀಕ್ಷಿಸುವ ನಾನು ಇದನ್ನೇಕೆ ಕಾಣಲಿಲ್ಲವೆಂದು ಕೇಳುತ್ತೀರಿ. ಕತ್ತಲಿರುವಾಗಲೇ ಎದ್ದು ಹೊರಡಬೇಕಿತ್ತು. ಅಂಗಿ ತೊಟ್ಟ ಮೇಲೆಯೇ ತಲೆ ಬಗ್ಗಿಸಿ ಬಿಲ್ಲೆ ನೋಡಿಕೊಂಡದ್ದು. ನೀವೂ ಮಾಡಿ ನೋಡಿ: ಎದೆಯ ಮೇಲಿನ ಬಿಲ್ಲೆ ತೊಟ್ಟವನ ಕಣ್ಣಿಗೆ ಯಾವಾಗಲೂ ತಲೆಕೆಳಗಾಗಿಯೇ ಕಾಣುತ್ತದೆ. ಆದ್ದರಿಂದ ತಲೆಕೆಳಗಾಗಿ ಹೊಲಿದದ್ದು ನೆಟ್ಟಗೆ ಕಾಣುತ್ತದೆ. ಉಸಿರು ಮೇಲಿತ್ತು. ತೃಪ್ತಿಯಿಂದ, ಚಳಿಗೆಂದು ಮೇಲೊಂದು ಸ್ವೆಟರು ಹಾಕಿಕೊಂಡೆ.

ಅಂದು ದಳದ ದೂರನಡಿಗೆ, ಹಿರಿಯೂರಿನಿಂದ ಜವನಗೊಂಡನಹಳ್ಳಿಯ ಕಡೆಗೆ. ಔಷಧಿಯ ಚೀಲ ನಮ್ಮಿಬ್ಬರದಾದ್ದರಿಂದ ನಾನೂ ತಿಪ್ಪೇಸ್ವಾಮಿಯೂ ಸಾಲಿನ ಹಿಂದೆ. ಅವನು ಸೋಮಾರಿ, ಬಿಲ್ಲೆಯನ್ನು ಇನ್ನೂ ಹೊಲಿಸಿಯೇ ಇರಲಿಲ್ಲ. ಬಿಸಿಲೇರಿದಾಗ ಸ್ವೆಟರು ತೆಗೆದು ಮಡಿಸಿ ಚೀಲದಲ್ಲಿಡುತ್ತಿದ್ದೆ. ಆಗಲೇ ಪಕ್ಕದ ಬಂಡಿದಾರಿಯಿಂದ ಕೂಗು ಕೇಳಿತು.

ಶೇಂಗಾದ ಚೀಲ ಹೇರಿದ್ದ ಎತ್ತಿನ ಬಂಡಿಯೊಂದು ಕೊರಕಲಿಗೆ ಇಳಿದು ವಾಲಿತ್ತು. ಚೀಲಗಳು ಉರುಳಿ ಬಂಡಿ ಹೊಡೆಯುವವನ ಕಾಲಿನ ಮೇಲೆ ಬಿದ್ದಿದ್ದವು. ಅವನ ತಾಯಿ ಚೀಲಗಳನ್ನು ಎಳೆದು ಅವನನ್ನು ಬಿಡಿಸಿದ್ದಳು. ಹರೆಯದ ಗಂಡಸು, ಹೆಸರು ಓಬಣ್ಣ ಎಂದು ಆಮೇಲೆ ತಿಳಿಯಿತು. ಮೊಳಕಾಲಿನ ಕೆಳಗೆ ಮೂಳೆ ಮುರಿದಿರುವುದು ದೂರದಿಂದಲೇ ಕಾಣುತ್ತಿತ್ತು. ಚರ್ಮ ಹರಿದಿರಲಿಲ್ಲ. ಅಲುಗಿಸದೆ ದಬ್ಬೆ ಕಟ್ಟಿ ಆಸ್ಪತ್ರೆಗೆ ಮುಟ್ಟಿಸಿದರೆ ನೇರವಾಗಿ ಕೂಡುವ ಮುರಿತ. ಹೊಸದುರ್ಗದ ಪರೀಕ್ಷೆಯಲ್ಲಿ ನನಗೆ ಬಂದ ಪ್ರಶ್ನೆಯೇ ಅದು. ದಬ್ಬೆ, ಸುರುಳಿ ಪಟ್ಟಿ ಎರಡನ್ನೂ ಕೈಯಲ್ಲಿ ಹಿಡಿದು ಓಡಿದೆ.

ತಾಯಿ ತಿರುಗಿ ನೋಡಿದಳು. "ಅಯ್ಯೋ, ಆಪ್ರೇಷನ್ನೋರು ಕಣೋ. ಅವನ ಎದಿ ಮ್ಯಾಲೆ ನೋಡು. ಏಳೋ ಓಬ, ಏಳಲೇ. ಮದ್ವಿಯಾಗಿ ವರ್ಷ ತುಂಬಿಲ್ಲ."

ಓಬಣ್ಣ ನನ್ನ ಎದೆ ನೋಡಿದ. ಆಮೇಲೆ ಎದ್ದು ನಿಂತ. ಆಮೇಲೆ ಓಡಿದ.

ಮುರಿದ ಕಾಲಿನ ಮೇಲೆ ಮನುಷ್ಯ ಓಡಬಲ್ಲ ಎಂದು ನಮ್ಮ ಪುಸ್ತಕದಲ್ಲಿ ಇರಲಿಲ್ಲ. ನಾನು "ಓಡಬೇಡಪ್ಪ, ಕಾಲು ಮುರಿದಿದೆ, ನಿಲ್ಲು" ಎಂದು ಕೂಗುತ್ತಾ ಹಿಂದೆ ಹೋದೆ. ಕೂಗಿದಷ್ಟೂ ಅವನು ಓಡಿದ. ಹೊಲದ ಅರ್ಧ ದಾಟಿ ಬದುವಿನ ಮೇಲೆ ಬಿದ್ದಾಗ ಮೂಳೆ ಚರ್ಮವನ್ನು ಸೀಳಿ ಹೊರಗೆ ಬಂದಿತ್ತು.

ಹಿಂದೆ ಬಂದ ತಿಪ್ಪೇಸ್ವಾಮಿ ನನ್ನ ತೋಳು ಹಿಡಿದು ತಿರುಗಿಸಿದ. "ಲೇ, ನಿನ್ ಜೇಬು ನೋಡ್ಕಳೋ. ಉಲ್ಟಾ ಹೊಲ್ಸಿದೀಯಲ್ಲೋ ಮಾರಾಯ."

ನಾನು ತಲೆ ಬಗ್ಗಿಸಿ ನೋಡಿದೆ. "ನೆಟ್ಟಗೇ ಐತಲ್ಲೋ."

"ನಿನಗೆ ನೆಟ್ಟಗೈತೆ. ನಮಗೆ?"

ಅಂಗಿ ಬಿಚ್ಚಿ ಎಸೆದೆ. ಬನಿಯನ್ನಿನಲ್ಲಿ ನಿಂತು, ನಾವು ಅವರಲ್ಲ, ಪಟ್ಟಿ ಕಟ್ಟುವವರು ಎಂದು ತಾಯಿಗೆ ಕೈಮುಗಿದು ಹೇಳಿದೆ. ಆಕೆ ಮಗನಿಗೆ ಅಡ್ಡಲಾಗಿ ಕೂತಿದ್ದಳು. "ಅಂಗಿ ಬಿಚ್ಚಿದ್ರೆ ಮನುಷ್ಯ ಬ್ಯಾರೆ ಆಗ್ತಾನೇನ್ರಿ? ನಮ್ಮೋರು ಅದಾರೆ. ನೀವು ನಿಮ್ ದಾರಿ ಹಿಡೀರಿ."

ಹಟ್ಟಿಯಿಂದ ನಾಲ್ಕಾರು ಜನ ಬಂದು ಅವನನ್ನು ಹೊತ್ತುಕೊಂಡು ಹೋದರು. ಕಾಲು ಜೋತಾಡುತ್ತಿತ್ತು. "ಕಾಲಿಗೆ ಆಧಾರ ಕೊಡ್ರಪ್ಪ, ಕೆಳಗಿಂದ ಹಿಡ್ಕಳ್ರಿ" ಎಂದು ದೂರದಿಂದಲೇ ಬೇಡಿಕೊಂಡೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಗೂ ಒಯ್ಯಲಿಲ್ಲ, ಆಸ್ಪತ್ರೆಯ ಗೋಡೆಯ ಮೇಲೂ ತ್ರಿಕೋಣವಿತ್ತಲ್ಲ. ಮೂಳೆ ಕಟ್ಟುವ ನಾಟಿ ವೈದ್ಯನ ಬಳಿಗೆ ಹೋದರು ಎಂದು ಆಮೇಲೆ ಕೇಳಿದೆ. ನಾನು ದಬ್ಬೆಗಳನ್ನು ಅಳತೆಯ ಪ್ರಕಾರ ಜೋಡಿಸಿ ಚೀಲದಲ್ಲಿಟ್ಟೆ. ಅಭ್ಯಾಸಬಲ ನೋಡಿ.

ಮನೆಗೆ ಬಂದು ಬಿಲ್ಲೆಯ ಹೊಲಿಗೆ ಬಿಚ್ಚಿದೆ. ಸರಿಯಾಗಿ ಹೊಲಿದುಕೊಡುತ್ತೇನೆಂದು ಮನೆಯವಳೂ ಹೇಳಿದಳು, ಸುದ್ದಿ ಕೇಳಿ ಕಂಗಾಲಾಗಿ ಬಂದ ಬಾಷಾ ಸಾಬರೂ ಹೇಳಿದರು. ನಾನು ಒಪ್ಪಲಿಲ್ಲ. ನೋವಿನಲ್ಲಿರುವವನು ತುದಿ ಮೇಲಿದೆಯೋ ಕೆಳಗಿದೆಯೋ ಎಂದು ನೋಡುತ್ತಾ ಕೂರುವುದಿಲ್ಲ. ಕೆಂಪು ಕಂಡರೆ ಸಾಕು ಅವನಿಗೆ. ಬಿಲ್ಲೆಯಿಲ್ಲದೆ ಕವಾಯತಿಗೆ ನಿಂತೆ. ಸಮವಸ್ತ್ರ ಅಪೂರ್ಣವೆಂದು ಹವಾಲ್ದಾರರು ಎಲ್ಲರೆದುರಿಗೆ ಗದರಿದರು. ಜೀವನದಲ್ಲಿ ನಾನು ಮುರಿದ ನಿಯಮ ಅದೊಂದೇ. ಮುರಿದದ್ದಕ್ಕೆ ಇಂದಿಗೂ ಬೇಸರವಿಲ್ಲ. ಬೇಸರವಿರುವುದು ಬೇರೆಯದಕ್ಕೆ. ಆಮೇಲೆ ಎಷ್ಟೋ ಕೈಕಾಲು ಕಟ್ಟಿದ್ದೇನೆ. ಕಟ್ಟಿಸಿಕೊಂಡವರ ಮುಖ ಒಂದೂ ನೆನಪಿಲ್ಲ. ಕನಸಿಗೆ ಬರುವುದು ಮುಟ್ಟದೇ ಹೋದ ಆ ಒಂದು ಕಾಲು.

ಕೆಲವು ವರ್ಷ ಕಳೆದ ಮೇಲೆ, ಹಿರಿಯೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಒಬ್ಬನ ಕುಂಟು ನಡಿಗೆ ಕಣ್ಣಿಗೆ ಬಿತ್ತು. ಒಂದು ಚಪ್ಪಲಿಯ ಹಿಮ್ಮಡಿಗೆ ಚಮ್ಮಾರನಿಂದ ಪದರ ಪದರವಾಗಿ ತೊಗಲು ಸೇರಿಸಿ ಎತ್ತರ ಮಾಡಿಸಿದ್ದ. ನಾನು ಆ ಚಪ್ಪಲಿಯನ್ನೇ ನೋಡುತ್ತಿದ್ದಾಗ ಅವನು ನನ್ನ ಮುಖ ನೋಡಿ ನಿಂತ.

"ನೀವು ತ್ರಿಕೋಣದೋರಲ್ವಾ?"

ಹೌದೆಂದೆ. ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟೆ. ಓಬಣ್ಣ ಪಕ್ಕದಲ್ಲೇ ಕೂತು ಎಲೆ ಅಡಿಕೆ ಬಿಚ್ಚಿದ. ಅಂದು ನಾವು ಯಾರೆಂಬುದು ತಿಂಗಳೊಪ್ಪತ್ತಿನ ಮೇಲೆ ಅವನಿಗೆ ಗೊತ್ತಾಗಿತ್ತಂತೆ. "ನಮ್ಮವ್ವ ಈಗ್ಲೂ ನಂಬಲ್ಲ ಬಿಡ್ರಿ" ಎಂದ. ಮಕ್ಕಳೆಷ್ಟು ಎಂದು ಕೇಳಿದೆ.

"ಎರಡು. ಅಲ್ಲಿಗೆ ಸಾಕು ಅಂತ ನಾನೇ ಹೋಗಿ ಆಪ್ರೇಷನ್ ಮಾಡ್ಸಿಕ್ಯಂಡು ಬಂದೆ ಸ್ವಾಮಿ. ಆವತ್ತು ಎರಡು ಕಾಲಾಗೆ ಓಡಿದ್ದು. ಆಮ್ಯಾಲೆ ಕುಂಟ್ಕಂಡು ಹೋಗಿದ್ದು."

ಅವನು ನಕ್ಕ. "ಕಾಲು ಒಂದ್ಸಲ ನೋಡ್ಲಾ?" ಎಂದೆ. ಅಷ್ಟು ಹೊತ್ತಿಗೆ ಅದನ್ನು ನೋಡಿ ಯಾರಿಗೇನು ಉಪಯೋಗ? ಆದರೂ ಕೇಳಿದೆ.

"ನೋಡ್ರಿ, ಅದಕ್ಕೇನು" ಎಂದು ಚಪ್ಪಲಿ ಕಳಚಿ, ಪಂಚೆ ಸರಿಸಿ, ಕಾಲನ್ನು ನನ್ನ ತೊಡೆಯ ಮೇಲೆ ಚಾಚಿದ. ಮೂಳೆಯ ಎರಡು ತುದಿಗಳೂ ಒಂದರ ಮೇಲೊಂದು ಏರಿ ಕೂಡಿದ್ದವು. ಚರ್ಮದಡಿ ಬದುವಿನಂತೆ ಒಂದು ದಿಣ್ಣೆ. ನನ್ನ ಕೈಗಳು ತಾವಾಗಿಯೇ ಕಲಿತ ಜಾಗಕ್ಕೆ ಹೋದವು, ಮುರಿತದ ಮೇಲೊಂದು, ಕೆಳಗೊಂದು, ಅಲುಗದಂತೆ. ಓಬಣ್ಣ ಎಲೆ ಅಗಿಯುತ್ತಾ, ತಕರಾರಿಲ್ಲದೆ, ರಸ್ತೆಯ ಕಡೆ ನೋಡುತ್ತಾ ಕೂತಿದ್ದ.

"ಈಗ ಅಲುಗಾಡಲ್ಲ ಸ್ವಾಮಿ. ಗಟ್ಟಿಯಾಗೇತೆ" ಎಂದ.

"ಹೌದು, ಗಟ್ಟಿಯಾಗಿದೆ" ಎಂದೆ. ಕೈ ತೆಗೆಯಲಾಗಲಿಲ್ಲ.

ಅವನು ಇನ್ನೂ ಸ್ವಲ್ಪ ಹೊತ್ತು ತಾಳಿಕೊಂಡ. ಆಮೇಲೆ ನನ್ನ ಭುಜವನ್ನು ಮೆಲ್ಲಗೆ ತಟ್ಟಿ, ಮಗುವಿನ ಕೈಯಿಂದ ಆಟಿಕೆ ಬಿಡಿಸಿಕೊಳ್ಳುವವರ ದನಿಯಲ್ಲಿ ಹೇಳಿದ: "ಕಾಲು ಕೊಡ್ರಿ ಇತ್ಲಾಗೆ, ಬಸ್ಸು ಬಂತು."