ಎಂಟನೆಯ ಹಾಡಿನ ಹೆಸರು

ಕರೆಂಟು ಹೋಗಬಹುದಿತ್ತು. ಸಿ.ಡಿ. ತಟ್ಟೆಯ ಮೇಲೆ ಗೀರು ಬಿದ್ದು ಹಾಡು ಒಂದೇ ಮಾತಿಗೆ ತಡವರಿಸುತ್ತ ನಿಲ್ಲಬಹುದಿತ್ತು. ಅದನ್ನು ನುಂಗಿದ ಕಂಪ್ಯೂಟರು ಉಗುಳದೆಯೇ ಕೂರಬಹುದಿತ್ತು. ಇಲಿಯೊಂದು ತಂತಿ ಕಡಿಯಬಹುದಿತ್ತು. ನಿಂಬರ್ಗಾದಿಂದ ಆಳಂದಕ್ಕೆ ಬರುವ ಬಸ್ಸು ಕೆಟ್ಟು, ಕೇಳಬೇಕಾದ ದೊಡ್ಡಪ್ಪನೇ ದಾರಿಯಲ್ಲಿ ಉಳಿಯಬಹುದಿತ್ತು. ಮಿತ್ರರೇ, ನಾನು ಚಿಂತೆಯನ್ನು ಮುಂಗಡವಾಗಿಯೇ ಮಾಡಿಟ್ಟುಕೊಳ್ಳುವವನು. "ನೀವು ಚಿಂತಿ ಮಾಡೂದು ಬಿಟ್ರ ಮುಂದೇನ ಮಾಡ್ತೀರೋ ಅಂತ ನನಗ ಚಿಂತಿ ಹತ್ಯದರಿ" ಎಂದು ಹೆಂಡತಿ ಚುಚ್ಚುವುದುಂಟು. ಅಂದು ಇವುಗಳಲ್ಲಿ ಒಂದೂ ಆಗಲಿಲ್ಲ.

ದೊಡ್ಡವ್ವ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಆಕೆ ಸೋಬಾನೆ ಹಾಡಿದ್ದ ಒಂದೇ ಒಂದು ಕ್ಯಾಸೆಟ್ಟು ಸವೆದು ಗರಗರ ಎನ್ನತೊಡಗಿದಾಗ, ಗುಲಬರ್ಗಾದ ಅಂಗಡಿಯೊಂದರಲ್ಲಿ ಅದನ್ನು ಸಿ.ಡಿ. ಮಾಡಿಸಿದ್ದೆ. ಈಗ ಮನೆಗೆ ಹೊಸದಾಗಿ ಬಂದ ಕಂಪ್ಯೂಟರಿಗೆ ಅದನ್ನು ಇಳಿಸಿಡುವ ಹಂಬಲ. ಇಳಿಸುವುದೇನೋ ಸಲೀಸು, ಆದರೆ ಯಂತ್ರಕ್ಕೆ ಕಿವಿಯಿದ್ದರೂ ಗುರುತಿಲ್ಲ. ಪ್ರತಿ ಹಾಡಿನ ಎದುರು ಅದರ ಹೆಸರನ್ನೂ ಹಾಡಿದವರ ಹೆಸರನ್ನೂ ನಾವೇ ತುಂಬಬೇಕು. ತುಂಬಿದ್ದನ್ನು ಅದು ಜೋಪಾನವಾಗಿ ಇಟ್ಟುಕೊಂಡು, ಮತ್ತೆ ಕೇಳಿದಾಗಲೆಲ್ಲ ತೋರಿಸುತ್ತದೆ. ತುಂಬದೆ ಬಿಟ್ಟರೆ ಹಿಂದಿನ ತಟ್ಟೆಯವರ ಹೆಸರನ್ನೇ ಹೊಸಬರ ತಲೆಗೆ ಕಟ್ಟುತ್ತದೆ. ನಾನು ಒಂದೊಂದರ ಎದುರೂ 'ಕಮಲಾಬಾಯಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ತುಂಬುತ್ತ ಹೋದೆ.

ಕಮಲಾಬಾಯಿ ಎಂಬುದು ಮದುವೆಯಲ್ಲಿ ದೊಡ್ಡವ್ವನಿಗೆ ನಮ್ಮ ಮನೆತನದವರು ಇಟ್ಟ ಹೆಸರು. ರೇಷನ್ ಕಾರ್ಡಿನಲ್ಲಿ ಇತ್ತು, ಯಾರ ಬಾಯಲ್ಲೂ ಇರಲಿಲ್ಲ. ಊರಿಗೆ ಆಕೆ ತವರಿನ ಗುರುತಿನಲ್ಲಿ 'ಕೊಳಕೂರದಾಕಿ', ನಮಗೆ ದೊಡ್ಡವ್ವ, ದೊಡ್ಡಪ್ಪನಿಗೆ ಬರೀ 'ಏ, ಕೇಳಿಲ್ಲಿ'. ಗಂಡನ ಹೆಸರನ್ನು ಹೆಂಡತಿ ಹೇಳಬಾರದೆಂಬುದು ರೂಢಿ. ನಮ್ಮ ದೊಡ್ಡಪ್ಪ ಹೆಂಡತಿಯ ಹೆಸರನ್ನೂ ನಾಲಗೆಗೆ ತಂದವನಲ್ಲ. ಇನ್ನು ತವರಿನವರು ಇಟ್ಟಿದ್ದ ಹೆಸರು ಅಕ್ಷತೆಯ ಜೊತೆ ಚಪ್ಪರದಲ್ಲೇ ಉದುರಿಹೋಗಿತ್ತು; ಅದೇನೆಂದು ನನಗೂ ತಿಳಿದಿರಲಿಲ್ಲ. ಇದ್ದ ಹೆಸರನ್ನು ಅಳಿಸಿ ಬೇರೆಯದನ್ನು ತುಂಬುವ ವಿದ್ಯೆ ಕಂಪ್ಯೂಟರು ಬರುವ ಎಷ್ಟೋ ಮೊದಲೇ ನಮಗೆ ಕರತಲಾಮಲಕವಾಗಿತ್ತು.

ದೊಡ್ಡಪ್ಪ ಬಂದು, ಕೈಕಾಲು ತೊಳೆದು, ಪರದೆಯ ಎದುರು ಗುಡಿಯಲ್ಲಿ ಕೂತಂತೆ ಕೂತ.

"ಅಕಿ ಹೆಸರ ಬರ್ತದಂತಲ್ಲೋ ಇದರಾಗ? ನನಗ ಇಂಗ್ಲಿಷ್ ಬರೂದಿಲ್ಲ. ಒಂದೊಂದ ಪದಕ್ಕೂ ನೀನ ಓದಿ ಹೇಳಬೇಕ ನೋಡು."

ಓದಿದೆ. ಕಮಲಾಬಾಯಿ. ಮುಂದಿನ ಹಾಡಿಗೂ ಕಮಲಾಬಾಯಿ.

"ಏನ್ ಮಷೀನಲೇ ಇದು! ನಾ ಜನ್ಮದಾಗ ಅಂದಿಲ್ಲ, ಇದು ಪದಕ್ಕೊಮ್ಮೆ ಅನ್ನಿಸಾಕತ್ತದ" ಎಂದು ನಕ್ಕ. ನಗು ಮುಗಿಯುವಷ್ಟರಲ್ಲಿ ಕಣ್ಣೊರೆಸಿಕೊಂಡ.

ಎಂಟನೆಯದು ಮಗಳನ್ನು ಗಂಡನ ಮನೆಗೆ ಒಪ್ಪಿಸುವ ಹಾಡು. ದೊಡ್ಡವ್ವನ ದನಿ ಮೇಲೇರಿ ತುಸು ಒಡೆಯುವುದು ಅದರಲ್ಲೇ. ನಾನು ಅಭ್ಯಾಸಬಲದಿಂದ ಪರದೆಯ ಮೇಲಿದ್ದುದನ್ನು ಓದಿದೆ: "ಸುಲೋಚನಾ."

ತಪ್ಪಿದ್ದು ಇಷ್ಟೇ. ಕಚೇರಿಯ ಸಹೋದ್ಯೋಗಿಯೊಬ್ಬರು ಹಾಡಿದ ಭಾವಗೀತೆಗಳನ್ನು ಹಿಂದಿನ ದಿನ ಇಳಿಸಿದ್ದೆ. ಅವರ ಹೆಸರು ಈ ಒಂದು ಹಾಡಿನ ಎದುರು ಮಾತ್ರ ಅಳಿಯದೆ ಉಳಿದುಬಿಟ್ಟಿತ್ತು.

ದೊಡ್ಡಪ್ಪ ದಡಕ್ಕನೆ ಎದ್ದು ನಿಂತ. "ಯಾವ ಸುಲೋಚನಾಲೇ? ಕಿವಿ ಎಲ್ಲಿಟ್ಟಿ? ಇಕಿ ನಮ್ಮ ನೀಲವ್ವ!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ತನ್ನ ಮಾತಿಗೆ ತಾನೇ ಬೆಚ್ಚಿದವನಂತೆ ದೊಡ್ಡಪ್ಪ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ. ಆಮೇಲೆ, ನಾನು ಕೇಳದಿದ್ದರೂ, ಮೆಲ್ಲಗೆ ಹೇಳಿದ: "ತವರಮನಿ ಹೆಸರದು. ಲಗ್ನದಾಗ ಅದನ್ನ ತೆಗೀಬ್ಯಾಡ್ರಿ ಅಂತ ಅತ್ತಿದ್ಲಂತ. ನಾ ಒಮ್ಮೆರೆ ಹಂಗ ಕರದಿದ್ರ…"

ಟವೆಲ್ಲು ಕೆಳಗಿಳಿಸಿ, ಯಂತ್ರದ ಕಡೆ ಬಾಗಿ, ಮನೆಯೊಳಗಿಂದ ಹೊಲದಲ್ಲಿದ್ದವರನ್ನು ಕರೆಯುವಂತೆ ಕರೆದ: "ನೀಲವ್ವಾ."

ಓ ಎನ್ನಬೇಕಾದವಳು ಹಾಡುತ್ತಲೇ ಇದ್ದಳು.